ಏಳು ದಿನದ ಓಣಿ

ಎರಡು ಸಾವಿರ ಕಿಲೋಮೀಟರಿನ ಧೂಳು ಹೊತ್ತವರ ನಡುವೆ
ನಮ್ಮದು ಬರೀ ಅರವತ್ತೆಂಟು.
ಸಿಂಧನೂರು ಬಿಟ್ಟು, ಕಾರಟಗಿಯಲ್ಲಿ ಚಾ ಕುಡಿದು,
ಗಂಗಾವತಿಯ ಗಿರಣಿಗಳ ತೌಡಿನ ವಾಸನೆ ದಾಟಿ
ಸಾಣಾಪುರದ ಕೆರೆದಂಡೆಗೆ ಬಂದು ನಿಂತೆವು.
ಹೆಸರು ಬರೆದುಕೊಳ್ಳುವ ಹುಡುಗ ತಲೆ ಎತ್ತದೆ
‘ಎಲ್ಲಿಂದ?’ ಅಂದ.
ಮೌನೇಶ ಊರಿನ ಹೆಸರನ್ನು
ಕೈಗಡ ಕೇಳುವವನ ದನಿಯಲ್ಲಿ ಹೇಳಿದ.

ಉಳಿದವರದು ಗಾಡಿಯೆಂದರೆ ಗಾಡಿ.
ನಾಸಿಕದವರದಕ್ಕೆ ಮಹಡಿ,
ಕೊಯಮತ್ತೂರಿನವರ ಬಾಗಿಲಲ್ಲಿ ಕರಿಬೇವಿನ ಕುಂಡ.
ನಮ್ಮದು ಲಿಲಾವಿನಲ್ಲಿ ಹಿಡಿದ ಆಂಬುಲೆನ್ಸು.
ಸ್ಟ್ರೆಚರ್ ಕಿತ್ತ ಜಾಗದಲ್ಲಿ
ಮೌನೇಶ ತಾನೇ ಉಜ್ಜಿ ಕೂಡಿಸಿದ ಬೇವಿನ ಹಲಗೆ,
ಮೇಲೆ ಅತ್ತೆ, ಕೆಳಗೆ ಜೋಳದ ಹಿಟ್ಟಿನ ಡಬ್ಬಿ.
ಸಲೈನ್ ಬಾಟ್ಲಿಯ ಕೊಕ್ಕೆಗೆ ಬಾಳೆಹಣ್ಣು.
ಎರಡು ಕೈ ನೀಲಿ ಬಳಿದರೂ ಬಾನೆಟ್ಟಿನ ಮೇಲೆ
ಆ ತಿರುಗಾಮುರುಗಾ ಅಕ್ಷರಗಳು
ಬಿಸಿಲೇರಿದಂತೆ ಎದ್ದು ಬರುತ್ತವೆ.
ದಾರಿಯಲ್ಲಿ ಒಂದು ಲಾರಿ
ತನ್ನ ಕನ್ನಡಿಯಲ್ಲಿ ನಮ್ಮನ್ನು ಓದಿಕೊಂಡು
ಗಡಿಬಿಡಿಯಿಂದ ಪಕ್ಕಕ್ಕೆ ಸರಿದಿತ್ತು.
ನಗುತ್ತ ಮುಂದೆ ಹೋಗಿದ್ದೆವು.

‘ಮನಿ ಇದ್ದೂ ಬಂಡ್ಯಾಗ ಮಕ್ಕಂಬದು ಯಾವ ಕರ್ಮ’
ಅಂದಿದ್ದ ಅತ್ತೆಗೆ ಎರಡನೆಯ ಬೆಳಗ್ಗೆಯೇ
ಗಾಡಿಗಳ ನಡುವೆ ಒಂದು ಓಣಿ ಸಿಕ್ಕಿತು.
ಬಾಗಿಲು ಬಾಗಿಲಿಗೆ ನಿಂತು
ಹಿಂದಿ ಬರದ ಬಾಯಲ್ಲೇ ಶೇಂಗಾ ಹಿಂಡಿ ಹಂಚಿದಳು;
ಪಟಿಯಾಲಾದ ಜಸ್ವಂತ್ ಕೌರ್ ಅದನ್ನು
ಕಷಾಯದ ಪುಡಿಯೆಂದು ಕುದಿಸಿ ಕುಡಿದಳಂತೆ,
ನೆಗಡಿ ಹೋಯಿತಂತೆ.
ರಾತ್ರಿ ಜನರೇಟರಿನ ಸದ್ದಿಗೆ ಜಗಳ,
ಬೆಳಗ್ಗೆ ಇದ್ದೊಂದು ಪೈಪಿನ ನೀರಿಗೆ ಪಾಳಿ.
ಓಣಿ ಅಂದಮೇಲೆ ಇಷ್ಟಾದರೂ ಬೇಕಲ್ಲ.
ಸಿಂಚನಾ ಬಂಡೆಯಿಂದ ಬಂಡೆಗೆ ಜಿಗಿಯುತ್ತ
ತಮಿಳಿನಲ್ಲಿ ಹತ್ತರವರೆಗೆ ಎಣಿಸುತ್ತಿದ್ದಳು,
ಏಳು ಮಾತ್ರ ನಮ್ಮದೂ ಅದೇ ಎಂದು ಕೂಗಿ.

ಐದನೆಯ ದಿನ ಹಾಲಿನ ಕ್ಯಾನು ಹಿಡಿದು ಬಂದ ಹನುಮಂತಿ
ನಮ್ಮ ಬಾನೆಟ್ಟಿನ ಮುಂದೆ ನಿಂತುಬಿಟ್ಟಳು.
ಬಣ್ಣದಡಿಯ ಒಂದೊಂದೇ ಅಕ್ಷರವನ್ನು
ಬೆರಳಿನಿಂದ ಮುಟ್ಟಿದಳು.
‘ಇದು ಕನಕಗಿರಿ ದವಾಖಾನಿದಲ್ಲ?’
ಹೌದು, ಲಿಲಾವಿನ ಕಾಗದದಲ್ಲಿ ಹಾಗೇ ಇತ್ತು.
‘ಒಂದೀಟು ಒಳಗ ಬರ್ಲೇನು?’

ಅತ್ತೆ ಇಳಿದು ಜಾಗ ಮಾಡಿದಳು.
ಆಕೆ ಹಲಗೆಯ ಮೇಲೆ ಕೂರಲಿಲ್ಲ.
ಕೆಳಗೆ ಕುಕ್ಕರಗಾಲಲ್ಲಿ ಕೂತು
ಒಂದು ಕೈ ಮಾತ್ರ ಹಲಗೆಯ ಮೇಲಿಟ್ಟಳು,
ಅಲ್ಲಿ ಯಾರದೋ ಕೈ ಇದ್ದಂತೆ.
ಮೇಲೆ ಕೊಕ್ಕೆ ನೋಡಿ
‘ಹಣ್ಣು ಕಟ್ಟೀರಿ’ ಅಂದಳು.
ಒಂದು ಕಿತ್ತು ಕೊಟ್ಟೆ. ತಿನ್ನಲಿಲ್ಲ, ಸೆರಗಿಗೆ ಕಟ್ಟಿಕೊಂಡಳು.
ಹೆರಿಗೆಯೋ ಸಾವೋ ನಾವು ಕೇಳಲಿಲ್ಲ.
ಅಳತೆ ಮಾಡದೆ ಹಾಲು ಸುರಿದು ಹೋದಳು.
ಆ ರಾತ್ರಿ ಅತ್ತೆ ಹಲಗೆಯ ಅಂಚಿಗೆ ಒತ್ತಿ ಮಲಗಿದಳು,
ಅರ್ಧ ಖಾಲಿ ಬಿಟ್ಟು.

ಕೊನೆಯ ರಾತ್ರಿ ಬೆಂಕಿಯ ಸುತ್ತ
ಎಲ್ಲರೂ ಮುಂದಿನ ದಾರಿ ಹೇಳಿದರು:
ಗೋವಾ, ಕಛ್, ಧನುಷ್ಕೋಡಿ.
ಮೌನೇಶನ ಪಾಳಿ ಬಂತು. ಎದ್ದು ನಿಂತ.
‘ಸಿಂಧನೂರು. ಅರವತ್ತೆಂಟು.
ದಾರ್‍ಯಾಗ ಬೀಳತೈತಿ, ಊಟ ಮಾಡ್ಕೊಂಡು ಹೋಗ್ರಿ.’
ಕೊಯಮತ್ತೂರಿನವರು ಯಾರೋ ಅನುವಾದಿಸಿದರು.
ಸಿಂಧನೂರು ಯಾರ ದಾರಿಯಲ್ಲೂ ಬೀಳುತ್ತಿರಲಿಲ್ಲ.

ಬೆಳಗ್ಗೆ ಗಾಡಿಗಳು ಎದ್ದ ಕಡೆ
ಹುಲ್ಲಿನ ಮೇಲೆ ಹಳದಿ ಚೌಕಗಳು ಉಳಿದವು.
ಕಾರಟಗಿಯ ಹತ್ತಿರ ಮತ್ತೊಂದು ಲಾರಿ
ನಮ್ಮನ್ನು ಓದಿ ಸರಿದು ನಿಂತಿತು.
ಈ ಸಲ ಯಾರೂ ನಗಲಿಲ್ಲ.
ಮೌನೇಶ ಕಿಟಕಿಯಾಚೆ ಕೈ ಚಾಚಿ ಅವನಿಗೊಂದು ನಮಸ್ಕಾರ ಹಾಕಿದ.
ಅದೇ ಸಂದಿನಲ್ಲಿ ನಮ್ಮ ಹಿಂದೆ
ಮಹಡಿಯ ಗಾಡಿ ಬಂತು, ಕರಿಬೇವಿನದು ಬಂತು, ಜಸ್ವಂತ್ ಕೌರಳದು ಬಂತು.
ಅತ್ತೆ ಹಲಗೆಯಡಿ ಕೈ ಹಾಕಿ
ಡಬ್ಬಿಯ ತಳ ತಡವುತ್ತಿದ್ದಳು:
‘ಹದಿನಾಕು ಮಂದಿ. ಎರಡೆರಡು ರೊಟ್ಟಿ ಅಂದ್ರೂ...’